ಮಲಗಿದ ಮಗುವನ್ನು ಎಬ್ಬಿಸಿ, ಹಾಲು ಕುಡಿಸಿ

ಗೌರಿ ಬಾಣಂತಿ. ಚೊಚ್ಚಲ ಹೆರಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತೂಕ 2 ಕಿಲೋ 800 ಗ್ರಾಂ. ತಾಯಿ ಮಗು ಎರಡು ದಿನ ಆಸ್ಪತ್ರೆಯಲ್ಲಿದ್ದರು. ನಿನ್ನೆ ಸಂಜೆ ತವರು ಮನೆಗೆ ಬಂದರು.

ಗೌರಿಯ ತಾಯಿ ನಂಜಮ್ಮ. ಮೊಮ್ಮಗಳು ಬಂದಳೆಂದು ನಂಜಮ್ಮನಿಗೆ ಹಿಗ್ಗೋ ಹಿಗ್ಗು. ಬಾಣಂತಿ ಕೋಣೆಗೆ ಗಾಳಿ ಬಾರದಂತೆ ಕಿಟಕಿ ಮುಚ್ಚಿದಳು. ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿದಳು. ಸಾಂಬ್ರಾಣಿ ಹೊಗೆ ಕೊಟ್ಟಳು. ಬಟ್ಟೆ ಸುತ್ತಿ ಮಲಗಿಸಿದಳು. ಮಗು ಕಣ್ಣು ಮುಚ್ಚಿತು. ಆಮೇಲೆ ಸದ್ದೇ ಇಲ್ಲ.

ಮಧ್ಯಾಹ್ನ ಆಶಾ ಕಾರ್ಯಕರ್ತೆ ಸರೋಜ ಬಂದಳು.

"ಮಗು ಹೆಂಗೈತೆ ನಂಜಕ್ಕ?"

"ಬಲು ಜಾಣ ಮಗು ಕಣವ್ವ. ಅಳೋದೇ ಇಲ್ಲ. ಬೆಳಿಗ್ಗೆ ಮಲಗಿದ್ದು, ಇನ್ನೂ ಎದ್ದಿಲ್ಲ."

"ಹಾಲು ಯಾವಾಗ ಕುಡೀತು?"

ನಂಜಮ್ಮ ಗೌರಿಯ ಮುಖ ನೋಡಿದಳು. ಗೌರಿ ತಾಯಿಯ ಮುಖ ನೋಡಿದಳು.

"ಸ್ನಾನಕ್ಕೆ ಮುಂಚೆ ಒಂಚೂರು ಕುಡೀತು ಸರೋಜಕ್ಕ. ಆಮೇಲೆ ಇಲ್ಲ" ಎಂದಳು ಗೌರಿ. "ಎದೆ ಕಲ್ಲಿನಂಗೆ ಬಿಗಿದೈತೆ."

ಗೋಡೆಯ ಗಡಿಯಾರದಲ್ಲಿ ಗಂಟೆ 1 ಆಗಿತ್ತು. ಮಗುವಿಗೆ ಸ್ನಾನ ಮಾಡಿಸಿದ್ದು 8 ಗಂಟೆಗೆ. ಐದು ಗಂಟೆ ಕಾಲ ಮಗುವಿನ ಹೊಟ್ಟೆಗೆ ಏನೂ ಹೋಗಿರಲಿಲ್ಲ.

ಬೆಳಕಿಗೆ ತಂದು ನೋಡಿದರು

ಸರೋಜ ಸೋಪು ಹಾಕಿ ಕೈ ತೊಳೆದಳು. ಮಗುವನ್ನು ಎತ್ತಿಕೊಂಡಳು.

"ಈ ಕೋಣೆ ಕತ್ತಲು. ಇಲ್ಲಿ ಮಗೂ ಬಣ್ಣ ಕಾಣಾಕಿಲ್ಲ. ಬಾಗಿಲ ಹತ್ರ ಬನ್ನಿ."

ಬಾಗಿಲ ಬಳಿ ಹಗಲ ಬೆಳಕಿತ್ತು. ಸರೋಜ ಮಗುವಿನ ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಬೆರಳು ತೆಗೆದಳು. ಒತ್ತಿದ ಜಾಗ ಹಳದಿಯಾಗಿ ಕಂಡಿತು. ಮೂಗಿನ ತುದಿಯೂ ಹಾಗೇ ಇತ್ತು. ವಸಡು ನೋಡಿದಳು. ಕಣ್ಣಿನ ಬಿಳಿ ಭಾಗ ನೋಡಿದಳು. ಅಲ್ಲೂ ತುಸು ಹಳದಿ. ಹೊಟ್ಟೆ, ತೊಡೆ, ಅಂಗೈ, ಅಂಗಾಲು ನೋಡಿದಳು. ಅಲ್ಲಿ ಹಳದಿ ಇರಲಿಲ್ಲ.

"ಕಾಮಾಲೆಯಾ?" ಎಂದಳು ಗೌರಿ. ಅವಳ ಕಣ್ಣಲ್ಲಿ ನೀರು ಬಂತು.

"ಹೆದರಬೇಡ. ಹುಟ್ಟಿದ 10 ಮಕ್ಕಳಲ್ಲಿ ಸುಮಾರು 6 ಮಕ್ಕಳಿಗೆ ಇದು ಬರ್ತದೆ. ಎರಡನೇ ದಿನವೋ ಮೂರನೇ ದಿನವೋ ಕಾಣಿಸ್ಕೊಳ್ತದೆ. ಎರಡು ವಾರದೊಳಗೆ ತಾನೇ ಇಳೀತದೆ. ಆದ್ರೆ ಒಂದು ಮಾತು. ಹಳದಿ ಇಳೀಬೇಕಾದ್ರೆ ಮಗು ಹಾಲು ಕುಡೀಲೇಬೇಕು. ಮಲಗೈತೆ ಅಂತ ಬಿಡಂಗಿಲ್ಲ."

"ಮಲಗಿದ ಮಗೂನ ಎಬ್ಬಿಸಬಾರದು ಅಂತಾರಲ್ಲ?" ಎಂದಳು ನಂಜಮ್ಮ.

"ಈ ಮಗೂನ ಎಬ್ಬಿಸಲೇಬೇಕು ನಂಜಕ್ಕ."

ಹಳದಿ ಎಲ್ಲಿಂದ ಬರುತ್ತದೆ?

ನಮ್ಮ ರಕ್ತದಲ್ಲಿ ಕೆಂಪು ಕಣಗಳಿವೆ. ಹಳೆಯ ಕಣಗಳು ಒಡೆಯುತ್ತವೆ. ಹೊಸ ಕಣಗಳು ಹುಟ್ಟುತ್ತವೆ. ಹಳೆಯ ಕಣ ಒಡೆದಾಗ ಒಂದು ಹಳದಿ ವಸ್ತು ಉಂಟಾಗುತ್ತದೆ. ಅದರ ಹೆಸರು ಬಿಲಿರುಬಿನ್. ಅದನ್ನು ಹೊರಗೆ ಹಾಕುವ ಕೆಲಸ ಪಿತ್ತಜನಕಾಂಗದ್ದು. ಇದನ್ನು ನಾವು ಲಿವರ್ ಅನ್ನುತ್ತೇವೆ.

ಹಸುಗೂಸಿನಲ್ಲಿ ಕೆಂಪು ಕಣಗಳು ಹೆಚ್ಚು. ಅವು ಬೇಗ ಒಡೆಯುತ್ತವೆ. ಆದರೆ ಹಸುಗೂಸಿನ ಲಿವರ್ ಇನ್ನೂ ಎಳೆಯದು. ಅದು ನಿಧಾನವಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಹಳದಿ ವಸ್ತು ಮೈಯಲ್ಲಿ ಉಳಿಯುತ್ತದೆ. ಚರ್ಮ ಹಳದಿಯಾಗಿ ಕಾಣುತ್ತದೆ.

ಈ ಹಳದಿ ಹೊರಗೆ ಹೋಗುವ ದೊಡ್ಡ ದಾರಿ ಯಾವುದು? ಮಲ. ಮಗು ಹಾಲು ಕುಡಿದರೆ ಕಕ್ಕ ಮಾಡುತ್ತದೆ. ಕಕ್ಕದ ಜೊತೆ ಹಳದಿ ಹೋಗುತ್ತದೆ. ಮಗು ಹಾಲು ಕುಡಿಯದಿದ್ದರೆ ಮಲ ಕರುಳಿನಲ್ಲೇ ನಿಲ್ಲುತ್ತದೆ. ಅದರಲ್ಲಿರುವ ಹಳದಿ ಮತ್ತೆ ರಕ್ತಕ್ಕೆ ಸೇರುತ್ತದೆ.

ಕಾಲುವೆಯಲ್ಲಿ ನೀರು ಹರಿದರೆ ಕಸ ಕೊಚ್ಚಿ ಹೋಗುತ್ತದೆ. ನೀರು ನಿಂತರೆ ಕಸವೂ ನಿಲ್ಲುತ್ತದೆ. ಮಗುವಿನ ಹೊಟ್ಟೆಯೂ ಹಾಗೆಯೇ.

ಇನ್ನೊಂದು ವಿಷಯ. ಕಾಮಾಲೆ ಬಂದ ಮಗುವಿಗೆ ಮಂಪರು ಹೆಚ್ಚು. ಮಂಪರು ಹೆಚ್ಚಾದರೆ ಹಾಲು ಕಡಿಮೆ ಕುಡಿಯುತ್ತದೆ. ಹಾಲು ಕಡಿಮೆಯಾದರೆ ಹಳದಿ ಏರುತ್ತದೆ. ಹಳದಿ ಏರಿದರೆ ಮಂಪರು ಇನ್ನೂ ಹೆಚ್ಚುತ್ತದೆ. ಇದು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಈ ಸುತ್ತನ್ನು ನಾವೇ ನಿಲ್ಲಿಸಬೇಕು. ಹೇಗೆ? ಮಗುವನ್ನು ಎಬ್ಬಿಸಿ ಹಾಲು ಕುಡಿಸಿ.

ಎಬ್ಬಿಸುವುದು ಹೇಗೆ?

ಸರೋಜ ಮಾಡಿ ತೋರಿಸಿದಳು. ನಂಜಮ್ಮ ಪಕ್ಕದಲ್ಲೇ ಕೂತು ನೋಡಿದಳು.

1. ಸುತ್ತಿದ ಬಟ್ಟೆ ಬಿಚ್ಚಿದಳು. ಬೆಚ್ಚಗೆ ಸುತ್ತಿಕೊಂಡ ಮಗು ಮಲಗಿಯೇ ಇರುತ್ತದೆ.

2. ಒದ್ದೆ ಬಟ್ಟೆ ಬದಲಿಸಿದಳು.

3. ಮಗುವನ್ನು ತಾಯಿಯ ಎದೆಗೆ ಒರಗಿಸಿದಳು. ಮಗುವಿನ ಬರಿಮೈ ತಾಯಿಯ ಬರಿಮೈಗೆ ತಾಗಿತು. ಮೇಲೆ ಸೆರಗು ಹೊದಿಸಿದಳು. ಹೀಗೆ ಮಾಡಿದರೆ ಮಗುವಿಗೆ ಚಳಿ ಆಗುವುದಿಲ್ಲ. ಹಾಲಿನ ವಾಸನೆಯೂ ಸಿಗುತ್ತದೆ.

4. ಅಂಗಾಲು ಮತ್ತು ಬೆನ್ನನ್ನು ಮೆಲ್ಲಗೆ ಉಜ್ಜಿದಳು.

5. ಮಗುವಿನ ತಲೆ, ಕತ್ತು ಹಿಡಿದು ಸ್ವಲ್ಪ ಎತ್ತಿ ಕೂರಿಸಿದಳು. ಮಾತನಾಡಿಸಿದಳು.

6. ಗೌರಿ ಒಂದು ಹನಿ ಹಾಲನ್ನು ಮಗುವಿನ ತುಟಿಗೆ ಸವರಿದಳು.

ಮಗು ಮುಖ ಕಿವುಚಿತು. ನಾಲಿಗೆ ಚಾಚಿತು. ಬಾಯಿ ಅಗಲ ತೆರೆಯಿತು. ಆಗಲೇ ಎದೆಗೆ ಹಿಡಿದರು. ಮೊಲೆತೊಟ್ಟು ಮಾತ್ರವಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಬಾಯಿಯೊಳಗೆ ಹೋಗಬೇಕು. ಆಗ ಹಾಲು ಚೆನ್ನಾಗಿ ಬರುತ್ತದೆ. ತಾಯಿಗೆ ನೋವೂ ಆಗುವುದಿಲ್ಲ.

ನಾಲ್ಕು ಸಲ ಚೀಪಿ ಮಗು ಮತ್ತೆ ಕಣ್ಣು ಮುಚ್ಚಿತು.

"ಎದೇನ ಕೈಲಿ ಮೆತ್ತಗೆ ಅದುಮು ಗೌರಿ" ಎಂದಳು ಸರೋಜ. "ಹಾಲು ಬಾಯಿಗೆ ಬಿದ್ರೆ ಮತ್ತೆ ಚೀಪ್ತಾಳೆ. ಅದಕ್ಕೂ ಆಗ್ಲಿಲ್ಲ ಅಂದ್ರೆ ತೇಗಿಸು. ಆಮೇಲೆ ಇನ್ನೊಂದು ಎದೆಗೆ ಹಾಕು."

ಗೌರಿ ಹಾಗೇ ಮಾಡಿದಳು. ಮಗು ಮತ್ತೆ ಚೀಪಿತು. ಗುಟುಕು ನುಂಗುವ ಸದ್ದು ಕೇಳಿಸಿತು. ನಂಜಮ್ಮನ ಮುಖ ಅರಳಿತು.

"ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸ್ಬೇಕು. ಎರಡು ಮೂರು ಗಂಟೆಗೊಂದು ಸಲ. ಮೂರು ಗಂಟೆ ದಾಟಬಾರದು. ರಾತ್ರಿನೂ ಅಷ್ಟೇ" ಎಂದಳು ಸರೋಜ.

ಮಗು ಚೀಪದಿದ್ದರೆ?

ಕೆಲವು ಮಕ್ಕಳು ಎಚ್ಚರವಾಗುತ್ತವೆ. ಆದರೆ ಚೀಪಲು ಶಕ್ತಿ ಸಾಲದು. ಆಗ ಎದೆಹಾಲು ಹಿಂಡಿ ಕುಡಿಸಬಹುದು.

ಮೊದಲು ಸೋಪಿನಿಂದ ಕೈ ತೊಳೆಯಿರಿ. ಕುದಿಸಿದ ಬಟ್ಟಲು ತೆಗೆದುಕೊಳ್ಳಿ. ಕಪ್ಪು ಭಾಗದ ಅಂಚಿನಲ್ಲಿ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಡಿ. ಮೊದಲು ಎದೆಯ ಗೂಡಿನ ಕಡೆ ಒತ್ತಿ. ಆಮೇಲೆ ಎರಡೂ ಬೆರಳು ಸೇರಿಸಿ ಅದುಮಿ. ಬಿಡಿ. ಮತ್ತೆ ಒತ್ತಿ, ಅದುಮಿ, ಬಿಡಿ. ತೊಟ್ಟನ್ನು ಎಳೆಯಬೇಡಿ.

ಹಿಂಡಿದ ಹಾಲನ್ನು ಬಟ್ಟಲಿನಿಂದ, ಚಮಚದಿಂದ ಅಥವಾ ಒಳಲೆಯಿಂದ ಕುಡಿಸಿ. ಒಳಲೆಯ ಮೂತಿಯಲ್ಲಿ ಹಾಲು ಅಂಟಿರುತ್ತದೆ. ಅದನ್ನು ಚೆನ್ನಾಗಿ ತಿಕ್ಕಿ ತೊಳೆದು, ನೀರಿನಲ್ಲಿ ಕುದಿಸಿ. ಬಾಟಲಿ ಬೇಡ.

ಕುಡಿಸುವಾಗ ಮಗುವನ್ನು ತೊಡೆಯ ಮೇಲೆ ಎತ್ತರಿಸಿ ಹಿಡಿಯಿರಿ. ಬಟ್ಟಲನ್ನು ತುಟಿಗೆ ತಾಗಿಸಿ. ಮಗು ತಾನೇ ನೆಕ್ಕಿ ನುಂಗಲಿ. ನಿದ್ದೆಯಲ್ಲಿರುವ ಮಗುವಿನ ಬಾಯಿಗೆ ಹಾಲು ಸುರಿಯಬೇಡಿ. ಹಾಲು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ.

ನಂಜಮ್ಮ ಹೇಳಿದ ಮಾತು

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಂದರು. ಮಗುವನ್ನು ನೋಡಿದರು.

"ಕಾಮಾಲೆ ಆಗೈತೆ ಕಣೇ ನಂಜಿ. ಸಕ್ಕರೆ ನೀರು ಹಾಕು. ನಾಳೆ ಹೊಟ್ಟೆಗೆ ಒಂದು ಬರೆ ಹಾಕಿಸ್ಕಂಡು ಬಾ. ಎಲ್ಲಾ ಇಳಿದೋಯ್ತದೆ."

ನಂಜಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು:

"ಬ್ಯಾಡ ಅಜ್ಜಿ. ಗೌರಿಗಿಂತ ಮೊದ್ಲು ನನಗೊಂದು ಗಂಡು ಮಗು ಆಗಿತ್ತು. ನಿಮಗೂ ಗೊತ್ತು. ಅದೂ ಹಿಂಗೇ ಹಳದಿ ಆಯ್ತು. ಹಿಂಗೇ ಮಲಗ್ತಿತ್ತು. ಜಾಣ ಮಗು ಅಂತಿದ್ವಿ. ಬರೆ ಹಾಕಿಸಿದ್ವಿ. ಆಗ ಒಂದು ಸಲ ಕಿಟಾರನೆ ಅತ್ತಿತು. ಒಂಬತ್ತನೇ ದಿನ ಎಬ್ಬಿಸಿದ್ರೂ ಏಳಲಿಲ್ಲ."

ಗೌರಿ ಈ ಮಾತನ್ನು ಎಂದೂ ಕೇಳಿರಲಿಲ್ಲ. ಅವಳು ತಾಯಿಯ ಕೈ ಹಿಡಿದುಕೊಂಡಳು.

"ಆಗ ಹೇಳೋರು ಯಾರೂ ಇರಲಿಲ್ಲ ನಂಜಕ್ಕ. ಅದು ನಿಮ್ಮ ತಪ್ಪಲ್ಲ" ಎಂದಳು ಸರೋಜ.

"ಈಗ ಹೇಳೋರು ಅವರೆ. ಈ ಮಗೂನ ನಾನು ಮಲಗಾಕೆ ಬಿಡಾಕಿಲ್ಲ" ಎಂದಳು ನಂಜಮ್ಮ.

ಅಜ್ಜಿ ಮತ್ತೆ ಬರೆಯ ಮಾತು ಎತ್ತಲಿಲ್ಲ. ಮಗುವಿನ ಅಂಗಾಲು ಉಜ್ಜುತ್ತಾ ಕೂತರು.

ಬರೆಯಿಂದ ಕಾಮಾಲೆ ಹೋಗುವುದಿಲ್ಲ. ಸುಟ್ಟ ಗಾಯ ಕೀವಾಗುತ್ತದೆ. ನಂಜು ರಕ್ತಕ್ಕೆ ಏರಿ ಮಗು ಸಾಯಬಹುದು. ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ, ಬಜೆ, ಗುಟ್ಟಿ, ನಾಟಿ ಔಷಧಿ ಯಾವುದೂ ಬೇಡ. ಬರೀ ನೀರೂ ಬೇಡ. ನೀರು ಕುಡಿದ ಮಗುವಿನ ಹೊಟ್ಟೆ ತುಂಬುತ್ತದೆ. ಅದು ಹಾಲು ಬಿಡುತ್ತದೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು.

ತಾಯಿಗೆ ಪಥ್ಯದ ಹೆಸರಿನಲ್ಲಿ ಅನ್ನ ನೀರು ಕಡಿಮೆ ಮಾಡಬೇಡಿ. ಮುದ್ದೆ, ಸಾರು, ಸೊಪ್ಪು, ಬೇಳೆ, ಮೊಟ್ಟೆ ಎಲ್ಲಾ ಕೊಡಿ. ಬಾಯಾರಿದಾಗಲೆಲ್ಲ ನೀರು ಕೊಡಿ. ತಾಯಿ ಅಡುಗೆಯ ಅರಿಶಿನ ತಿಂದರೆ ಮಗು ಹಳದಿಯಾಗುವುದಿಲ್ಲ.

ಮಗುವಿನ ಬಟ್ಟೆಯ ಪೆಟ್ಟಿಗೆಯಲ್ಲಿ ನುಸಿ ಗುಳಿಗೆ ಇಡಬೇಡಿ. ಅದರ ವಾಸನೆಯಿಂದ ಕೆಲವು ಮಕ್ಕಳ ರಕ್ತದ ಕಣಗಳು ಬೇಗ ಒಡೆಯುತ್ತವೆ. ಕಾಮಾಲೆ ಜೋರಾಗುತ್ತದೆ. ಸಾಂಬ್ರಾಣಿ ಹೊಗೆಯೂ ಬೇಡ. ಹೊಕ್ಕುಳ ಬಳ್ಳಿ ಬೀಳುವವರೆಗೆ ಮೈ ಒರೆಸಿದರೆ ಸಾಕು.

ಬಾಗಿಲ ಮೇಲಿನ ಲೆಕ್ಕ

ನಂಜಮ್ಮ ಸಾಕ್ಷರತಾ ಕೇಂದ್ರಕ್ಕೆ ಹೋಗುತ್ತಿದ್ದಳು. ಅಕ್ಷರ ಕಲಿತಿದ್ದಳು. ಅಂಕಿ ಕಲಿತಿದ್ದಳು. ಗಡಿಯಾರ ನೋಡಲು ಬರುತ್ತಿತ್ತು.

"ಹಾಲು ಯಾವಾಗ ಕುಡೀತು ಅಂತ ನೀನು ಕೇಳ್ದೆ. ನನಗೆ ಹೇಳಾಕಾಗ್ಲಿಲ್ಲ. ಇನ್ಮೇಲೆ ಬರೆದಿಡ್ತೀನಿ" ಎಂದಳು.

ಸೀಮೆಸುಣ್ಣ ತಂದಳು. ಬಾಗಿಲ ಹಿಂದೆ ಬರೆಯತೊಡಗಿದಳು. ಹಾಲು ಕುಡಿದರೆ 'ಹಾ'. ಉಚ್ಚೆ ಮಾಡಿದರೆ 'ಉ'. ಕಕ್ಕ ಮಾಡಿದರೆ 'ಕ'.

ಮಧ್ಯಾಹ್ನ 1-20 — ಹಾ
ಮಧ್ಯಾಹ್ನ 3-30 — ಹಾ, ಉ
ಸಂಜೆ 5-45 — ಹಾ, ಕ
ರಾತ್ರಿ 8-00 — ಹಾ, ಉ
ರಾತ್ರಿ 10-30 — ಹಾ
ರಾತ್ರಿ 1-00 — ಹಾ, ಉ, ಕ
ಬೆಳಗಿನ ಜಾವ 3-45 — ಹಾ
ಬೆಳಿಗ್ಗೆ 6-00 — ಹಾ, ಉ

ರಾತ್ರಿ ಗೌರಿಗೆ ನಿದ್ದೆ ತಡೆಯಲಾಗಲಿಲ್ಲ. ನಂಜಮ್ಮ ಗಡಿಯಾರ ನೋಡಿ ಎಬ್ಬಿಸಿದಳು. ಒಂದು ಗಂಟೆಗೆ ಎಬ್ಬಿಸಿ, ಅಕ್ಷರ ಬರೆದು ಮಲಗಿದಳು. ಆದರೆ ಎಚ್ಚರವಾದಾಗ 3-45 ಆಗಿತ್ತು. ಮೂರು ಗಂಟೆ ದಾಟಿಲ್ಲವಲ್ಲ ಎಂದು ಬೆರಳು ಮಡಿಸಿ ಎಣಿಸಿದಳು. ಆಮೇಲೆ 'ಹಾ' ಬರೆದಳು.

ಆಸ್ಪತ್ರೆಗೆ ತೋರಿಸಿದರು

ಸರೋಜ ಒಂದು ಮಾತು ಹೇಳಿ ಹೋಗಿದ್ದಳು: "ಕಣ್ಣಿನಲ್ಲಿ ನೋಡಿದ್ದು ಅಂದಾಜು ಮಾತ್ರ. ಎಷ್ಟು ಹಳದಿ ಐತೆ ಅಂತ ಡಾಕ್ಟರೇ ಹೇಳ್ಬೇಕು. ಬೆಳಿಗ್ಗೆ ಹೋಗಿ. ರಾತ್ರಿ ಮಗು ಏಳದಿದ್ರೆ ಬೆಳಿಗ್ಗೆವರೆಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ."

ಬೆಳಿಗ್ಗೆ ಗೌರಿ, ಅವಳ ಗಂಡ, ನಂಜಮ್ಮ ಆಸ್ಪತ್ರೆಗೆ ಹೋದರು. ತಾಯಿ ಕಾರ್ಡ್ ತೆಗೆದುಕೊಂಡು ಹೋದರು. ಕಾರ್ಡಿನಲ್ಲಿ ಗೌರಿಯ ರಕ್ತದ ಗುಂಪು ಬರೆದಿತ್ತು. ತಾಯಿಯ ರಕ್ತದ ಗುಂಪು ಮಗುವಿನ ಗುಂಪಿಗೆ ಹೊಂದದಿದ್ದರೆ ಕಾಮಾಲೆ ಜೋರಾಗಬಹುದು. ಆದ್ದರಿಂದ ಡಾಕ್ಟರು ಮೊದಲು ಅದನ್ನೇ ನೋಡಿದರು.

ಮಗುವಿನ ತೂಕ ನೋಡಿದರು. 2 ಕಿಲೋ 640 ಗ್ರಾಂ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ರಕ್ತ ಪರೀಕ್ಷೆಯೂ ಆಯಿತು.

"ಹಾಲು ಎಷ್ಟು ಸಲ ಕುಡಿದಿದೆ?" ಎಂದು ಡಾಕ್ಟರು ಕೇಳಿದರು.

ನಂಜಮ್ಮ ಒಂದು ಚೀಟಿ ಕೊಟ್ಟಳು. ಬಾಗಿಲ ಮೇಲಿನ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಡಾಕ್ಟರು ಪೂರ್ತಿ ಓದಿದರು.

"ಕಾಮಾಲೆ ಸ್ವಲ್ಪವೇ ಇದೆ. ಸದ್ಯಕ್ಕೆ ಔಷಧಿ ಬೇಡ. ನೀವು ಮಾಡ್ತಿರೋದನ್ನೇ ಮಾಡಿ. ಎರಡು ದಿನ ಬಿಟ್ಟು ಮತ್ತೆ ತೋರಿಸಿ" ಎಂದರು.

ನೀಲಿ ಬೆಳಕು

ಹಳದಿ ಹೆಚ್ಚಾಗಿದ್ದರೆ ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಆ ಬೆಳಕು ಚರ್ಮದಲ್ಲಿರುವ ಹಳದಿ ವಸ್ತುವನ್ನು ಬದಲಿಸುತ್ತದೆ. ಆಗ ಅದು ಮಲ ಮೂತ್ರದಲ್ಲಿ ಸುಲಭವಾಗಿ ಹೋಗುತ್ತದೆ. ದೀಪದ ಕೆಳಗಿದ್ದಾಗಲೂ ಎದೆಹಾಲು ನಿಲ್ಲಿಸಬಾರದು.

ಈ ದೀಪಕ್ಕೆ ಒಂದು ಕಥೆ ಇದೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ವಾರ್ಡ್ ಎಂಬ ನರ್ಸ್ ಇದ್ದರು. ಅವರು ಮಕ್ಕಳನ್ನು ಹೊರಗೆ ಬೆಳಕಿಗೆ ತರುತ್ತಿದ್ದರು. ಒಂದು ಮಗುವಿನ ಮೈಯಲ್ಲಿ ಬೆಳಕು ಬಿದ್ದ ಕಡೆ ಹಳದಿ ಇಳಿದಿತ್ತು. ಬಟ್ಟೆ ಮುಚ್ಚಿದ ಕಡೆ ಹಳದಿ ಹಾಗೇ ಇತ್ತು. ನರ್ಸ್ ಅದನ್ನು ಡಾಕ್ಟರಿಗೆ ತೋರಿಸಿದರು. ಆಮೇಲೆ ಡಾಕ್ಟರುಗಳು ಪರೀಕ್ಷೆ ಮಾಡಿ ದೀಪ ತಯಾರಿಸಿದರು. 1958ರಲ್ಲಿ ಅದರ ವಿಷಯ ಪ್ರಕಟಿಸಿದರು.

ಹಾಗಾದರೆ ಮಗುವನ್ನು ಬಿಸಿಲಿಗೆ ಹಿಡಿದರೆ ಸಾಲದೇ? ಸಾಲದು. ಬಿಸಿಲು ಅಳತೆಗೆ ಸಿಗುವುದಿಲ್ಲ. ಎಳೆ ಚರ್ಮ ಸುಡುತ್ತದೆ. ಬರಿಮೈ ಮಗುವಿಗೆ ಶೀತವೂ ಆಗಬಹುದು. ಬಿಸಿಲನ್ನು ನಂಬಿಕೊಂಡು ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಬಾರದು.

ತಡ ಮಾಡಬೇಡಿ

ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ:

- ಹುಟ್ಟಿದ ಮೊದಲ ದಿನವೇ, ಅಂದರೆ 24 ಗಂಟೆಯೊಳಗೆ ಹಳದಿ ಕಂಡರೆ
- ಹಳದಿ ಹೊಟ್ಟೆ, ಕಾಲಿಗೆ ಇಳಿದರೆ. ಅಂಗೈ ಅಂಗಾಲು ಹಳದಿಯಾದರೆ
- ಎಬ್ಬಿಸಿದರೂ ಮಗು ಏಳದಿದ್ದರೆ, ಹಾಲು ಕುಡಿಯದಿದ್ದರೆ
- ಮೈ ಜೋತುಬಿದ್ದರೆ, ಅಥವಾ ಬಿಲ್ಲಿನಂತೆ ಹಿಂದಕ್ಕೆ ಸೆಟೆದರೆ
- ಕಿಟಾರನೆ ಒಂದೇ ಸಮನೆ ಅತ್ತರೆ, ಫಿಟ್ಸ್ ಬಂದರೆ
- ಜ್ವರ ಬಂದರೆ, ಅಥವಾ ಮೈ ತಣ್ಣಗಾದರೆ
- ಕಕ್ಕ ಸುಣ್ಣದಂತೆ ಬಿಳಿಚಿದ್ದರೆ, ಉಚ್ಚೆ ಗಾಢ ಹಳದಿಯಾದರೆ
- ಎರಡು ವಾರ ಕಳೆದರೂ ಹಳದಿ ಉಳಿದರೆ

ತಿಂಗಳು ತುಂಬದೆ ಹುಟ್ಟಿದ ಮಗು, ತೂಕ ಕಡಿಮೆ ಇರುವ ಮಗುವಿನ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಹಳದಿ ವಸ್ತು ತೀರಾ ಏರಿದರೆ ಮಿದುಳಿಗೆ ಹೋಗುತ್ತದೆ. ಮಗುವಿನ ಕಿವಿ ಕೇಳದೆ ಹೋಗಬಹುದು. ಕೈಕಾಲು ಸ್ವಾಧೀನ ತಪ್ಪಬಹುದು. ಜೀವವೇ ಹೋಗಬಹುದು. ಸಕಾಲಕ್ಕೆ ಹೋದರೆ ಇದನ್ನೆಲ್ಲ ತಪ್ಪಿಸಬಹುದು.

ಸರಕಾರಿ ಆಸ್ಪತ್ರೆಯಲ್ಲಿ ಹಸುಗೂಸಿಗೆ ಚಿಕಿತ್ಸೆ ಉಚಿತ. ಔಷಧಿ, ಪರೀಕ್ಷೆ, ಹೋಗಿಬರುವ ವಾಹನವೂ ಉಚಿತ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದು ನಮ್ಮ ಹಕ್ಕು. ಹಸುಗೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಬಾರದಿದ್ದರೆ ಕರೆಸಿ.

ಏಳನೇ ದಿನ

ಏಳನೇ ದಿನ ಸರೋಜ ಮತ್ತೆ ಬಂದಳು. ಕಿಟಕಿ ತೆರೆದಿತ್ತು. ಬಾಗಿಲ ಹಿಂದೆ ಬರೀ ಅಕ್ಷರಗಳು. ಜಾಗ ಸಾಲದೆ ಗೋಡೆಗೂ ಹಬ್ಬಿದ್ದವು. ಹಿಂದಿನ ದಿನದ ಲೆಕ್ಕ ಎಣಿಸಿದಳು. 'ಹಾ' 11, 'ಉ' 7, 'ಕ' 4. ಕರಿ ಕಕ್ಕ ಹೋಗಿ ಹಳದಿ ಕಕ್ಕ ಬರುತ್ತಿತ್ತು.

"ಐದನೇ ದಿನದಿಂದ ದಿನಕ್ಕೆ ಆರು ಸಲವಾದ್ರೂ ಉಚ್ಚೆ, ಮೂರು ಸಲವಾದ್ರೂ ಕಕ್ಕ ಆದ್ರೆ ಹಾಲು ಸಾಕಾಗ್ತಿದೆ ಅಂತ ಅರ್ಥ" ಎಂದಳು ಸರೋಜ. ಮಗುವಿನ ಹಣೆ ಒತ್ತಿ ನೋಡಿದಳು. ಹಳದಿ ಇಳಿಯುತ್ತಿತ್ತು.

ಅಷ್ಟರಲ್ಲಿ ಮಗು ಎದ್ದು, ಹಾಲಿಗಾಗಿ ಜೋರಾಗಿ ಅತ್ತಿತು. ಯಾರೂ ಎಬ್ಬಿಸಿರಲಿಲ್ಲ.

"ಈಗ ನೋಡು, ಮನೆಯೆಲ್ಲಾ ಕಿರುಚ್ತಾಳೆ" ಎಂದಳು ನಂಜಮ್ಮ. ನಕ್ಕಳು. ಸೀಮೆಸುಣ್ಣ ಕೈಗೆ ತೆಗೆದುಕೊಂಡಳು.

ನೆನಪಿಡಿ

- ಅಳದ ಮಗು ಜಾಣ ಮಗು ಎಂದು ಸುಮ್ಮನಿರಬೇಡಿ.
- ಮೂರು ಗಂಟೆಯೊಳಗೆ ಎಬ್ಬಿಸಿ ಎದೆಹಾಲು ಕೊಡಿ.
- ಮಗುವಿನ ಬಣ್ಣವನ್ನು ಹಗಲ ಬೆಳಕಿನಲ್ಲಿ ನೋಡಿ.
- ಬರೆ ಬೇಡ, ಸಕ್ಕರೆ ನೀರು ಬೇಡ.
- ಎಬ್ಬಿಸಿದರೂ ಏಳದಿದ್ದರೆ 108.

ಉತ್ತರ ಹೇಳಿ

1. ಮಗುವನ್ನು ಬಾಗಿಲ ಬಳಿಗೆ ಏಕೆ ತಂದರು?
2. ಹಾಲು ಕುಡಿದರೆ ಹಳದಿ ಹೇಗೆ ಇಳಿಯುತ್ತದೆ?
3. ನಂಜಮ್ಮ ಬರೆ ಬೇಡ ಎಂದದ್ದು ಏಕೆ?
4. ನಿಮ್ಮ ಊರಿನಲ್ಲಿ ಹಸುಗೂಸಿಗೆ ಮೊದಲು ಏನು ಕೊಡುತ್ತಾರೆ? ಅದು ಸರಿಯೇ? ಎಲ್ಲರೂ ಕೂಡಿ ಮಾತನಾಡಿ.

ಓದಿ, ಬರೆಯಿರಿ

ಎದೆಹಾಲು, ಹಸುಗೂಸು, ಕಾಮಾಲೆ, ಅಂಗಾಲು, ಒಳಲೆ, ಎಚ್ಚರ

ಲೆಕ್ಕ ಮಾಡಿ

ಮಗು ರಾತ್ರಿ 11 ಗಂಟೆಗೆ ಹಾಲು ಕುಡಿಯಿತು. ಎಷ್ಟು ಗಂಟೆಯೊಳಗೆ ಮತ್ತೆ ಎಬ್ಬಿಸಬೇಕು?